ಎರ್ಲಾಂಗ್ ಪ್ರೋಗ್ರಾಂ ಒಂದೇ ಕೋರ್ ಮೇಲೆ ಓಡುತ್ತಿದೆ. ಪ್ಯಾರಲಲ್ ಮಾಡಲು ರಿಫ್ಯಾಕ್ಟರಿಂಗ್ ಟೂಲ್ ಯಾರಾದರೂ ಬಳಸಿದ್ದೀರಾ?

ಜಗಳೂರು_ಜಾಲ · ಶನಿವಾರ ರಾತ್ರಿ 10:40

ಎಲ್ಲರಿಗೂ ನಮಸ್ಕಾರ. ದಾವಣಗೆರೆ ವಿದ್ಯಾನಗರದಲ್ಲಿ ಮನೆಯಲ್ಲೇ ಕೂತು ಒಬ್ಬನೇ ಕೆಲಸ ಮಾಡುವವನು ನಾನು. ಜಗಳೂರು ಕಡೆ 400 ಬೋರ್‌ವೆಲ್‌ಗಳಿಗೆ ನೀರಿನ ಮಟ್ಟ ಅಳೆಯುವ ಸೆನ್ಸರ್ ಇಳಿಸಿದ್ದೇವೆ. ಒಂದೊಂದೂ 15 ನಿಮಿಷಕ್ಕೊಮ್ಮೆ ರೀಡಿಂಗ್ ಕಳಿಸುತ್ತದೆ. ದಿನಕ್ಕೆ 96, ವರ್ಷಕ್ಕೆ 35,040. ಎಲ್ಲಾ ಬೋರ್‌ವೆಲ್ ಸೇರಿದರೆ 1 ಕೋಟಿ 40 ಲಕ್ಷ ಸಾಲು.

ರೀಡಿಂಗ್ ತಗೊಳ್ಳುವ ಸರ್ವರ್ ಎರ್ಲಾಂಗ್ ಅನ್ನುವ ಪ್ರೋಗ್ರಾಮಿಂಗ್ ಭಾಷೆಯಲ್ಲಿದೆ, ಅದರಲ್ಲಿ ತಕರಾರಿಲ್ಲ. ತಕರಾರು ಇರುವುದು ರಾತ್ರಿ ಓಡುವ ಲೆಕ್ಕದಲ್ಲಿ. ಬೋರ್‌ವೆಲ್‌ಗೊಂದು ಫೈಲ್. ಮೊದಲು ಎಲ್ಲಾ ಫೈಲ್ ಓದುತ್ತದೆ. ಆಮೇಲೆ ಕೆಟ್ಟ ರೀಡಿಂಗ್ ತೆಗೆಯುತ್ತದೆ, ಬಿಟ್ಟುಹೋದ ಜಾಗ ತುಂಬುತ್ತದೆ, ಸರಾಸರಿ ಎಳೆಯುತ್ತದೆ, ಕೊನೆಗೆ ವರದಿ ಬರೆಯುತ್ತದೆ. ಒಟ್ಟು 47 ನಿಮಿಷ. ನಮ್ಮ ಕರೆಂಟ್ ಕಥೆ ನಿಮಗೆ ಗೊತ್ತಲ್ಲ, ಯುಪಿಎಸ್ 40 ನಿಮಿಷ ಬಂದರೆ ಹೆಚ್ಚು. ಮಧ್ಯದಲ್ಲಿ ಹೋದರೆ ಮತ್ತೆ ಮೊದಲಿಂದ.

ಮಿಷನ್‌ನಲ್ಲಿ 8 ಕೋರ್ ತೋರಿಸುತ್ತದೆ. ಒಂದು ಮಾತ್ರ 100ಕ್ಕೆ ಹೋಗಿ ನಿಂತಿರುತ್ತದೆ, ಉಳಿದ ಏಳು ಕಟ್ಟೆ ಮೇಲೆ ಕೂತಿರುತ್ತವೆ. ನಿನ್ನೆ ಕೈಯಲ್ಲೇ ತಿದ್ದಿ ನೋಡಿದೆ. ಪ್ರತಿ ಬೋರ್‌ವೆಲ್‌ಗೂ ಒಂದು ಪ್ರೊಸೆಸ್ (ತನ್ನಷ್ಟಕ್ಕೆ ತಾನು ಓಡುವ ಕೆಲಸ) ಹುಟ್ಟಿಸಿದೆ, 400 ಪ್ರೊಸೆಸ್. 16 ಜಿಬಿ ಮೆಮೊರಿ ಅರ್ಧ ನಿಮಿಷದಲ್ಲಿ ತುಂಬಿ ಲ್ಯಾಪ್‌ಟಾಪ್ ಸತ್ತೇಹೋಯಿತು. ಪವರ್ ಬಟನ್ ಒತ್ತಿ ಆರಿಸಬೇಕಾಯಿತು.

ಎರ್ಲಾಂಗ್ ಥರದ ಫಂಕ್ಷನಲ್ ಭಾಷೆಯ (ಎಲ್ಲವನ್ನೂ ಫಂಕ್ಷನ್‌ಗಳಾಗಿ ಬರೆಯುವ ಭಾಷೆ) ಪ್ರೋಗ್ರಾಂಗಳನ್ನು ಪ್ಯಾರಲಲ್, ಅಂದರೆ ಎಲ್ಲಾ ಕೋರ್ ಮೇಲೂ ಒಟ್ಟಿಗೆ ಓಡುವ ಹಾಗೆ ಮಾಡಿಕೊಡುವ ರಿಫ್ಯಾಕ್ಟರಿಂಗ್ ಟೂಲ್‌ಗಳು (ಫಲಿತಾಂಶ ಬದಲಿಸದೆ ಕೋಡ್‌ನ ರಚನೆ ತಿದ್ದುವಂಥವು) ಇವೆ ಅಂತ ಓದಿದ್ದೇನೆ. ನಿಜವಾಗಿ ಕೆಲಸಕ್ಕೆ ಬರುತ್ತವಾ?

ಪ್ಲೇನ್_ಟೆಕ್ಸ್ಟ್ · ರಾತ್ರಿ 10:58

ಬರಲ್ಲ. ಕೈಯಲ್ಲೇ ಮಾಡಿ. ಮ್ಯಾಪ್ (ಲಿಸ್ಟಿನ ಒಂದೊಂದಕ್ಕೂ ಒಂದೇ ಫಂಕ್ಷನ್ ಹಚ್ಚುವುದು) ಇರುವ ಕಡೆ ಪ್ಯಾರಲಲ್ ಮ್ಯಾಪ್ ಹಾಕಿ, ಹತ್ತು ಸಾಲಿನ ಕೆಲಸ. ಅದಕ್ಕೆ ಟೂಲ್ ಯಾಕೆ?

ಜಗಳೂರು_ಜಾಲ · ರಾತ್ರಿ 11:02

ಅಣ್ಣಾ, ನಾನು ಮಾಡಿದ್ದೂ ಅದೇ ಹತ್ತು ಸಾಲು. ಲ್ಯಾಪ್‌ಟಾಪ್ ಸತ್ತಿದ್ದೂ ಅದರಿಂದಲೇ.

ಹಳೇ_ಓಟಿಪಿ · ರಾತ್ರಿ 11:35

ಹರಿಹರದವನು, ಟೆಲಿಕಾಂನಲ್ಲಿ ತುಂಬಾ ವರ್ಷ ಎರ್ಲಾಂಗ್ ಬರೆದಿದ್ದೇನೆ. ಮೊದಲು ನಿಮ್ಮ ಲ್ಯಾಪ್‌ಟಾಪ್ ಯಾಕೆ ಸತ್ತಿತು ಅಂತ ಹೇಳಿಬಿಡುತ್ತೇನೆ, ಟೂಲ್ ಮಾತು ಆಮೇಲೆ.

ಪ್ರೊಸೆಸ್ ಹುಟ್ಟಿಸುವಾಗ ಒಂದು ಫನ್ (ಹೆಸರಿಲ್ಲದ ಫಂಕ್ಷನ್) ಕೊಟ್ಟಿರುತ್ತೀರಿ. ಆ ಫನ್ ಒಳಗೆ ಎಲ್ಲಾ ಬೋರ್‌ವೆಲ್ ಇರುವ ದೊಡ್ಡ ಮ್ಯಾಪ್‌ನಿಂದ (ಇದು ಹೆಸರು ಹಿಡಿದು ಹುಡುಕುವ ಡೇಟಾ ಕಟ್ಟು, ಮೇಲೆ ಹೇಳಿದ ಮ್ಯಾಪ್ ಅಲ್ಲ) ನಿಮಗೆ ಬೇಕಾದ ಒಂದನ್ನು ಹುಡುಕಿ ತೆಗೆಯುತ್ತಿದ್ದೀರಿ, ಅಲ್ವಾ? ಎರ್ಲಾಂಗ್‌ನಲ್ಲಿ ಪ್ರತಿ ಪ್ರೊಸೆಸ್‌ಗೂ ತನ್ನದೇ ಮೆಮೊರಿ. ಫನ್ ಹಿಡಿದುಕೊಂಡ ಪ್ರತಿಯೊಂದೂ ಹೊಸ ಪ್ರೊಸೆಸ್‌ಗೆ ನಕಲಾಗುತ್ತದೆ. ಸಾಲಿಗೆ 50-60 ಬೈಟ್ ಹಿಡಿದರೂ ನಿಮ್ಮ ಮ್ಯಾಪ್ 700 ಎಂಬಿ ದಾಟುತ್ತದೆ. ಅದರ 400 ನಕಲು ಅಂದರೆ ಲೆಕ್ಕ ನೀವೇ ಹಾಕಿಕೊಳ್ಳಿ. 64 ಬೈಟ್‌ಗಿಂತ ದೊಡ್ಡ ಬೈನರಿ (ಕಚ್ಚಾ ಬೈಟ್‌ಗಳ ಸಾಲು) ಆದರೆ ಹಂಚಿಕೊಳ್ಳುತ್ತದೆ, ನಕಲು ಮಾಡಲ್ಲ. ಲಿಸ್ಟ್, ಟಪಲ್ (ಕೆಲವು ಬೆಲೆಗಳನ್ನು ಸೇರಿಸಿದ ಕಟ್ಟು), ಮ್ಯಾಪ್‌ಗೆ ಆ ಭಾಗ್ಯ ಇಲ್ಲ.

ಪರಿಹಾರ ಒಂದೇ ಸಾಲು. ಪ್ರೊಸೆಸ್ ಹುಟ್ಟಿಸುವ ಮುಂಚೆ, ಹೊರಗೇ, ಆ ಒಂದು ಬೋರ್‌ವೆಲ್‌ನ ಲಿಸ್ಟ್ ತೆಗೆದು ವೇರಿಯಬಲ್‌ಗೆ ಹಾಕಿಕೊಳ್ಳಿ. ಫನ್ ಆಗ ಅದನ್ನಷ್ಟೇ ಹಿಡಿದುಕೊಳ್ಳುತ್ತದೆ.

ಈಗ ಟೂಲ್ ಮಾತು. ಕೆಂಟ್ ವಿಶ್ವವಿದ್ಯಾಲಯದಲ್ಲಿ ಸೈಮನ್ ಥಾಂಪ್ಸನ್ ಮತ್ತು ಹ್ವೆಚಿಂಗ್ ಲೀ ಸೇರಿ ಮಾಡಿದ್ದು ರ‍್ಯಾಂಗ್ಲರ್. ಇಮ್ಯಾಕ್ಸ್ ಅನ್ನುವ ಎಡಿಟರ್ ಒಳಗಿಂದಲೇ ಓಡಿಸಬಹುದು. ಹೆಸರು ಬದಲಿಸುವುದು, ಒಂದಿಷ್ಟು ಸಾಲು ಎತ್ತಿ ಬೇರೆ ಫಂಕ್ಷನ್ ಮಾಡುವುದು, ಒಂದೇ ಥರದ ಕೋಡ್ ಎಲ್ಲೆಲ್ಲಿ ಇದೆ ಅಂತ ಹುಡುಕುವುದು, ಎಲ್ಲಾ ಮಾಡುತ್ತದೆ. ಬೇಡ ಅನ್ನಿಸಿದರೆ ಹಿಂದಕ್ಕೂ ತರುತ್ತದೆ. ಬುಡಾಪೆಸ್ಟ್‌ನ ಏಲ್ಟೆ ವಿಶ್ವವಿದ್ಯಾಲಯದವರದು ರಿಫ್ಯಾಕ್ಟರ್‌ಎರ್ಲ್. ಅದು ಕೋಡನ್ನು ಆಳವಾಗಿ ಓದಿ, ಯಾವ ಫಂಕ್ಷನ್ ಸೈಡ್ ಎಫೆಕ್ಟ್ ಮಾಡುತ್ತದೆ (ಉತ್ತರ ಕೊಡುವುದಲ್ಲದೆ ಹೊರಗೆ ಏನನ್ನಾದರೂ ಬದಲಿಸುತ್ತದೆ), ಯಾರು ಯಾರನ್ನು ಕರೆಯುತ್ತಾರೆ ಅಂತ ಹೇಳುತ್ತದೆ.

2011ರಲ್ಲಿ ಯುರೋಪ್‌ನಲ್ಲಿ ಪ್ಯಾರಾಫ್ರೇಸ್ ಅಂತ ಒಂದು ಯೋಜನೆ ಶುರುವಾಯಿತು. ಸ್ಕಾಟ್ಲೆಂಡ್‌ನ ಸೇಂಟ್ ಆಂಡ್ರೂಸ್‌ನಲ್ಲಿ ಕೆವಿನ್ ಹ್ಯಾಮಂಡ್ ಅದರ ಮುಂದಾಳು. ಅದರಲ್ಲಿ ಸೇಂಟ್ ಆಂಡ್ರೂಸ್‌ನವರೂ ಬುಡಾಪೆಸ್ಟ್‌ನವರೂ ಕೂಡಿ, ಕೋಡ್‌ನಲ್ಲಿ ಪ್ಯಾರಲಲ್ ಆಗಬಲ್ಲ ಜಾಗ ಹುಡುಕಿ, ಅಲ್ಲಿ ಒಂದು ಅಚ್ಚು ಕೂರಿಸುವ ಟೂಲ್ ಮಾಡಿದರು. ಆ ಅಚ್ಚುಗಳ ಲೈಬ್ರರಿ ಹೆಸರು ಸ್ಕೆಲ್. ಸ್ಕೆಲಿಟನ್, ಅಂದರೆ ಅಸ್ಥಿಪಂಜರ ಅನ್ನುವ ಅರ್ಥ. ಎಡಿನ್‌ಬರೋದ ಮರ್ರಿ ಕೋಲ್ 1989ರಲ್ಲೇ ಹೇಳಿದ ವಿಚಾರ ಇದು. ಪ್ಯಾರಲಲ್ ಪ್ರೋಗ್ರಾಂಗಳ ಮೂಳೆ ಕೆಲವೇ ಬಗೆ, ಅದನ್ನು ಲೈಬ್ರರಿಯಲ್ಲಿ ಇಟ್ಟುಬಿಡಿ, ಮಾಂಸ ಮಾತ್ರ ಪ್ರೋಗ್ರಾಮರ್ ತುಂಬಲಿ.

ಮಂಡಕ್ಕಿ_ಭಟ್ಟಿ · ರಾತ್ರಿ 11:50

ಯಾವ್ಯಾವ ಮೂಳೆ ಅಂತಲೂ ಹೇಳಿಬಿಡಿ ಸರ್. ದೋಸೆ ಉದಾಹರಣೆ ಮಾತ್ರ ಬೇಡ. ದಾವಣಗೆರೆಯವರು ಅಂದ ತಕ್ಷಣ ಎಲ್ಲರೂ ಬೆಣ್ಣೆ ದೋಸೆ ಹಂಚು ತಂದು ಮುಂದೆ ಇಡುತ್ತಾರೆ.

ಹಳೇ_ಓಟಿಪಿ · ಭಾನುವಾರ ಬೆಳಿಗ್ಗೆ 7:10

ನಿಮ್ಮ ಹೆಸರೇ ಉದಾಹರಣೆ. ಭಟ್ಟಿಯಲ್ಲಿ ಕೆಲಸ ಹೇಗೆ ನಡೆಯುತ್ತದೆ, ನೀವೇ ಹೇಳಿ.

ಮಂಡಕ್ಕಿ_ಭಟ್ಟಿ · ಬೆಳಿಗ್ಗೆ 8:25

ನಮ್ಮಪ್ಪನ ಭಟ್ಟಿ. ಭತ್ತ ನೆನೆಸುತ್ತೇವೆ. ಬೇಯಿಸುತ್ತೇವೆ. ಅಂಗಳದಲ್ಲಿ ಒಣಗಿಸುತ್ತೇವೆ. ಮಿಲ್ಲಿಗೆ ಹಾಕಿ ಹೊಟ್ಟು ಬಿಡಿಸುತ್ತೇವೆ. ಆ ಅಕ್ಕಿಗೆ ಉಪ್ಪುನೀರು ಹಾಕಿ ಕೊನೆಗೆ ಕಾದ ಮರಳಲ್ಲಿ ಹುರಿಯುತ್ತೇವೆ. ಒಂದು ಲಾಟು ಹುರಿಯುವಾಗ ಹಿಂದಿನ ಲಾಟು ಅಂಗಳದಲ್ಲಿ ಬಿದ್ದಿರುತ್ತದೆ, ಅದರ ಹಿಂದಿನದು ತೊಟ್ಟಿಯಲ್ಲಿ ನೆನೆಯುತ್ತಿರುತ್ತದೆ. ಯಾರೂ ಖಾಲಿ ಕೂರಲ್ಲ.

ಇದು ಪೈಪ್ ಅನ್ನುವ ಅಚ್ಚು ಅಂತ ಗೊತ್ತಾಯಿತು, ಒಂದು ಹಂತದ ಫಲ ಮುಂದಿನ ಹಂತಕ್ಕೆ. ಆದರೆ ಪೈಪ್‌ನ ಕಷ್ಟವೂ ಇಲ್ಲೇ ಇದೆ. ಮೋಡ ಮುಚ್ಚಿದರೆ ಒಣಗುವುದು ನಿಧಾನ. ಆಗ ಹುರಿಯುವವರು ಎಷ್ಟೇ ಚುರುಕಿದ್ದರೂ ಬೀಡಿ ಸೇದುತ್ತಾ ಕೂರಬೇಕು.

ಹಳೇ_ಓಟಿಪಿ · ಬೆಳಿಗ್ಗೆ 8:40

ಅಷ್ಟೇ ವಿಷಯ. ಪೈಪ್‌ನ ವೇಗ ಅಂದರೆ ಅದರ ತುಂಬಾ ನಿಧಾನದ ಹಂತದ ವೇಗ. ಅಂಗಳ ಚಿಕ್ಕದಾಯಿತು ಅಂದರೆ ಪಕ್ಕದ ಮನೆಯವರ ಅಂಗಳವನ್ನೂ ಬಾಡಿಗೆಗೆ ತಗೊಳ್ಳುತ್ತೀರಿ. ಒಂದೇ ಕೆಲಸ, ನಾಲ್ಕು ಅಂಗಳ. ಅದು ಫಾರ್ಮ್. ಪೈಪ್ ಒಳಗೆ ಒಂದು ಹಂತವನ್ನು ಮಾತ್ರ ಫಾರ್ಮ್ ಮಾಡಬಹುದು, ಸ್ಕೆಲ್‌ನಲ್ಲಿ ಹಾಗೆ ಒಂದರೊಳಗೊಂದು ಇಡಲು ಬರುತ್ತದೆ. ಫಾರ್ಮ್‌ನಲ್ಲಿ ಯಾರು ಮೊದಲು ಮುಗಿಸಿದರೋ ಅವರ ಫಲ ಮೊದಲು ಬರುತ್ತದೆ, ಸಾಲು ತಪ್ಪುತ್ತದೆ. ಸಾಲು ಬೇಕೆಂದರೆ ಆರ್ಡ್ ಅನ್ನುವ ಹೊದಿಕೆ ಹಾಕಬೇಕು. ಇವಲ್ಲದೆ ಮ್ಯಾಪ್, ರೆಡ್ಯೂಸ್ (ಎಲ್ಲಾ ಫಲ ಕೂಡಿಸಿ ಒಂದು ಮಾಡುವುದು), ಫೀಡ್‌ಬ್ಯಾಕ್ (ಫಲವನ್ನು ಮತ್ತೆ ಅದೇ ಕೆಲಸಕ್ಕೆ ಕೊಡುವುದು) ಇವೆ.

ಜಗಳೂರು ಅಣ್ಣನಿಗೆ ಬೇಕಾಗಿರುವುದು ಫಾರ್ಮ್ ಒಂದೇ ಅಂತ ನನ್ನ ಅಂದಾಜು. ಬೋರ್‌ವೆಲ್‌ಗೂ ಬೋರ್‌ವೆಲ್‌ಗೂ ಸಂಬಂಧ ಇಲ್ಲ.

ಕೋಟೆ_ಕಿಂಡಿ · ಬೆಳಿಗ್ಗೆ 9:30

ಚಿತ್ರದುರ್ಗದಿಂದ, ಹ್ಯಾಸ್ಕೆಲ್ ಅನ್ನುವ ಇನ್ನೊಂದು ಫಂಕ್ಷನಲ್ ಭಾಷೆಯ ಕಡೆಯವಳು. ಫಾರ್ಮ್ ಹಾಕುವ ಮುಂಚೆ ಎಲ್ಲಿ ಎಷ್ಟು ಹೊತ್ತು ಹೋಗುತ್ತಿದೆ ಅಂತ ಅಳೆದಿದ್ದೀರಾ? 47 ನಿಮಿಷದಲ್ಲಿ ಓದಲು ಎಷ್ಟು, ಲೆಕ್ಕಕ್ಕೆ ಎಷ್ಟು, ಬರೆಯಲು ಎಷ್ಟು?

ಕೇಳಲು ಕಾರಣ ಇದೆ. ಕಂಪ್ಯೂಟರ್ ವಿನ್ಯಾಸಕಾರ ಜೀನ್ ಆಮ್ಡಾಲ್ 1967ರಲ್ಲೇ ಹೇಳಿದ ಮಾತು. ಒಬ್ಬರೇ ಮಾಡಬೇಕಾದ ಕೆಲಸ ನೂರಕ್ಕೆ 10 ಇದ್ದರೆ, 8 ಕೋರ್ ಇದ್ದರೂ 4.7 ಪಟ್ಟಿಗಿಂತ ಜಾಸ್ತಿ ಸಿಗಲ್ಲ. ಸಾವಿರ ಕೋರ್ ತಂದರೂ 10 ಪಟ್ಟು ದಾಟಲ್ಲ.

ನಾನೂ ಒಮ್ಮೆ ಅಳೆಯದೆ ಮಾಡಿ ಬೇಸ್ತು ಬಿದ್ದಿದ್ದೇನೆ. ಹ್ಯಾಸ್ಕೆಲ್‌ನಲ್ಲಿ ಪಾರ್ ಅಂತ ಬರೆದರೆ ಒಂದು ಸ್ಪಾರ್ಕ್ ಹುಟ್ಟುತ್ತದೆ, ಅಂದರೆ 'ಯಾರಾದರೂ ಖಾಲಿ ಇದ್ದರೆ ಇದನ್ನು ಮಾಡಿ' ಅನ್ನುವ ಚೀಟಿ. ನಾನು ಪ್ರತಿ ಸಂಖ್ಯೆಗೂ ಒಂದೊಂದು ಚೀಟಿ ಬರೆದಿದ್ದೆ. ಓಡಿಸಿ ಅಂಕಿಅಂಶ ನೋಡಿದರೆ ಸಾವಿರಾರು ಸ್ಪಾರ್ಕ್‌ನಲ್ಲಿ ಕೆಲಸಕ್ಕೆ ಬಂದಿದ್ದು 12. ಉಳಿದವು ಫಿಜಲ್, ಅಂದರೆ ಬೇರೆ ಕೋರ್ ಚೀಟಿ ಓದುವಷ್ಟರಲ್ಲಿ ಮುಖ್ಯ ಕೆಲಸದವನೇ ಅದನ್ನು ಮುಗಿಸಿಬಿಟ್ಟಿದ್ದ. ಸುಮ್ನೆ ಚೀಟಿ ಬರೆದ ದಂಡ. ಲಿಸ್ಟನ್ನು ತುಂಡು ಮಾಡಿ, 500ಕ್ಕೊಂದು ಚೀಟಿ ಅಂತ ಮಾಡಿದ ಮೇಲೆ ಸರಿಹೋಯಿತು.

ಇನ್ನೊಂದು ಬಲೆ ಸೋಮಾರಿತನದ್ದು. ಹ್ಯಾಸ್ಕೆಲ್ ಬೇಕಾದಷ್ಟೇ ಲೆಕ್ಕ ಮಾಡುತ್ತದೆ. ಪ್ಯಾರಲಲ್ ಮ್ಯಾಪ್‌ಗೆ ಆರ್‌ಸೆಕ್ ತಂತ್ರ ಕೊಟ್ಟರೆ ಹೊರಗಿನ ಪದರ ಮಾತ್ರ ಬಿಚ್ಚುತ್ತದೆ. ನಿಜವಾದ ಲೆಕ್ಕ ಆಮೇಲೆ ವರದಿ ಬರೆಯುವವನ ತಲೆ ಮೇಲೆ, ಅದೇ ಒಂದು ಕೋರ್ ಮೇಲೆ ಬೀಳುತ್ತದೆ. ಆರ್‌ಡೀಪ್‌ಸೆಕ್ ಕೊಡಬೇಕು. ಯಾವ ಕೋರ್ ಯಾವಾಗ ಓಡಿತು ಅಂತ ತೋರಿಸುವ ಥ್ರೆಡ್‌ಸ್ಕೋಪ್‌ನಲ್ಲಿ ಚಿತ್ರ ನೋಡುವ ತನಕ ನನಗೆ ಇದು ಹೊಳೆದಿರಲಿಲ್ಲ. ನಾಲ್ಕು ಪಟ್ಟಿಯಲ್ಲಿ ಮೂರು ಖಾಲಿ, ಒಂದು ಮಾತ್ರ ಹಸಿರು.

ಜಗಳೂರು_ಜಾಲ · ಬೆಳಿಗ್ಗೆ 11:15

ಮೇಡಂ, ಅಳೆದೆ. ಓದಲು 5 ನಿಮಿಷ, ಲೆಕ್ಕಕ್ಕೆ 40, ವರದಿಗೆ 2.

ಲೆಕ್ಕದ ಫಂಕ್ಷನ್ ಹೀಗಿದೆ: ಲಿಸ್ಟ್ ಮೇಲೆ ಒಂದೊಂದೇ ರೀಡಿಂಗ್ ತಗೊಂಡು, ಸರಿ ಇದ್ದರೆ ಪ್ಲಸ್ ಪ್ಲಸ್ ಹಾಕಿ ಫಲಿತಾಂಶದ ಲಿಸ್ಟಿನ ಕೊನೆಗೆ ಸೇರಿಸುತ್ತಾ ಹೋಗುತ್ತೇನೆ.

ಹಳೇ_ಓಟಿಪಿ · ಬೆಳಿಗ್ಗೆ 11:18

ಅಯ್ಯೋ ತಮ್ಮಾ.

ಪ್ಲಸ್ ಪ್ಲಸ್ ಹಾಕಿದಾಗ ಎಡಗಡೆಯ ಲಿಸ್ಟ್ ಪೂರ್ತಿ ನಕಲಾಗುತ್ತದೆ. 35,040 ಸಲ, ಪ್ರತಿ ಸಲವೂ ಬೆಳೆಯುವ ಲಿಸ್ಟ್. ಒಂದು ಬೋರ್‌ವೆಲ್‌ಗೆ 61 ಕೋಟಿ ನಕಲು. ಮುಂದೆ ಸೇರಿಸುತ್ತಾ ಹೋಗಿ, ಕೊನೆಗೆ ಒಂದು ಸಲ ರಿವರ್ಸ್ ಮಾಡಿ. ಪ್ಯಾರಲಲ್ ಆಮೇಲೆ.

ಪ್ಲೇನ್_ಟೆಕ್ಸ್ಟ್ · ಬೆಳಿಗ್ಗೆ 11:30

ನಾನು ಹೇಳಲಿಲ್ವಾ, ಟೂಲ್ ಬೇಡ ಅಂತ.

ಜಗಳೂರು_ಜಾಲ · ಮಧ್ಯಾಹ್ನ 1:05

ಮಾಡಿದೆ. 47 ಹೋಗಿ 31 ನಿಮಿಷ. ಒಂದೂ ಪ್ರೊಸೆಸ್ ಹುಟ್ಟಿಸಿಲ್ಲ ಇನ್ನೂ. ಊಟಕ್ಕೆ ಕೂತವನು ಎದ್ದು ಬಂದು ಬರೆಯುತ್ತಿದ್ದೇನೆ, ಮನೆಯಲ್ಲಿ ಬೈಯುತ್ತಿದ್ದಾರೆ.

ಕೋಟೆ_ಕಿಂಡಿ · ಮಧ್ಯಾಹ್ನ 1:20

ಊಟ ಮಾಡಿ ಮೊದಲು. ಈಗ ಲೆಕ್ಕ ಸ್ಪಷ್ಟ. ಓದು 5, ವರದಿ 2, ಲೆಕ್ಕ 24. ಮಿಷನ್‌ನಲ್ಲಿ ನಿಜವಾದ ಕೋರ್ ಎಷ್ಟು? ಲ್ಯಾಪ್‌ಟಾಪ್‌ಗಳಲ್ಲಿ 8 ಅಂತ ತೋರಿಸುವುದು ಎಷ್ಟೋ ಸಲ ಥ್ರೆಡ್ (ಒಂದೇ ಕೋರ್ ಎರಡಾಗಿ ಕಾಣುವುದು), ಕೋರ್ 4 ಇರುತ್ತದೆ. ಹಾಗಿದ್ದರೆ 24 ಅನ್ನು 4ರಿಂದ ಭಾಗಿಸಿ 6 ಅಂತ ಇಟ್ಟುಕೊಳ್ಳಿ. ಒಟ್ಟು 13ರ ಹತ್ತಿರ ಬಂದರೆ ಚೆನ್ನಾಗಿ ಮಾಡಿದ್ದೀರಿ ಅಂತ ಅರ್ಥ.

ಚಳ್ಳಕೆರೆ_ಶೇಂಗಾ · ಮಧ್ಯಾಹ್ನ 2:40

ಎರ್ಲಾಂಗ್ ಮೇಲೇ ಓಡುವ ಎಲಿಕ್ಸರ್ ಭಾಷೆಯಲ್ಲಾದರೆ ಟಾಸ್ಕ್ ಅಸಿಂಕ್ ಸ್ಟ್ರೀಮ್ ಅನ್ನುವ ಫಂಕ್ಷನ್ ಇದೆ. ಸಾಲು ತಪ್ಪಲ್ಲ, ಪ್ರೊಸೆಸ್‌ಗಳನ್ನು ಓಡಿಸುವ ಶೆಡ್ಯೂಲರ್ ಎಷ್ಟು ಇದೆಯೋ ಅಷ್ಟೇ ಕೆಲಸ ಒಟ್ಟಿಗೆ ನಡೆಸುತ್ತದೆ. ಒಂದು ಎಚ್ಚರ: ಸುಮ್ನೆ ಬಿಟ್ಟರೆ ಒಂದೊಂದು ಕೆಲಸಕ್ಕೂ 5 ಸೆಕೆಂಡ್ ಗಡುವು. ಮೀರಿದರೆ ಕರೆದವನನ್ನೂ ಸೇರಿಸಿ ಬೀಳಿಸುತ್ತದೆ. ನಮ್ಮ ಎಣ್ಣೆ ಗಾಣದ ತೂಕದ ಲೆಕ್ಕದಲ್ಲಿ ಒಂದೇ ಒಂದು ಫೈಲ್ ದೊಡ್ಡದಿತ್ತು, ಅದೊಂದಕ್ಕಾಗಿ ರಾತ್ರಿಯೆಲ್ಲಾ ಕೂತಿದ್ದೆ.

ಸೆಮ್_ಸೆವೆನ್ · ಮಧ್ಯಾಹ್ನ 3:15

ಸರ್, ನಾನು ಇಂಜಿನಿಯರಿಂಗ್ ಸ್ಟೂಡೆಂಟ್. ಈ ಕೋಡ್ ಕೊಟ್ಟು 'ಪ್ಯಾರಲಲ್ ಮಾಡು' ಅಂತ ಎಐಗೆ ಹೇಳಿದರೆ ಅದೇ ಬರೆದುಕೊಡುತ್ತದೆ ಅಲ್ವಾ? ರಿಫ್ಯಾಕ್ಟರಿಂಗ್ ಟೂಲ್ ಇನ್ನೂ ಯಾಕೆ ಬೇಕು?

ಹಳೇ_ಓಟಿಪಿ · ಮಧ್ಯಾಹ್ನ 3:50

ಒಳ್ಳೆ ಪ್ರಶ್ನೆ ತಮ್ಮಾ. ಬರೆದುಕೊಡುತ್ತದೆ, ಎಷ್ಟೋ ಸಲ ಸರಿಯಾಗಿಯೂ ಬರೆದುಕೊಡುತ್ತದೆ. ನಾನೂ ಬಳಸುತ್ತೇನೆ. ಆದರೆ ಎರಡರ ಜಾತಿ ಬೇರೆ. ರಿಫ್ಯಾಕ್ಟರಿಂಗ್ ಟೂಲ್ ನಿನ್ನ ಕೋಡನ್ನು ಅಕ್ಷರವಾಗಿ ನೋಡಲ್ಲ, ಮರವಾಗಿ, ಅಂದರೆ ಯಾವುದರೊಳಗೆ ಯಾವುದಿದೆ ಅನ್ನುವ ರಚನೆಯಾಗಿ ನೋಡುತ್ತದೆ. ಹೆಸರು ಬದಲಿಸು ಅಂದರೆ, ಹೊಸ ಹೆಸರು ಬೇರೆಯದಕ್ಕೆ ಡಿಕ್ಕಿ ಹೊಡೆಯುತ್ತದಾ ಅಂತ ಮೊದಲು ನೋಡುತ್ತದೆ. ಹೊಡೆಯುತ್ತದೆ ಅಂದರೆ ಮಾಡಲ್ಲ ಅಂತ ನಿಲ್ಲುತ್ತದೆ. ನನಗೆ ಅದರಲ್ಲಿ ಇಷ್ಟ ಆಗುವುದೇ ಈ 'ಮಾಡಲ್ಲ' ಅನ್ನುವ ಮಾತು. ಅರ್ಧ ಗೊತ್ತಿದ್ದು ಪೂರ್ತಿ ಮಾಡಿಬಿಡುವ ಹುಮ್ಮಸ್ಸು ಅದಕ್ಕಿಲ್ಲ.

ಪ್ಲೇನ್_ಟೆಕ್ಸ್ಟ್ ಅವರಿಗೂ ಇದೇ ಉತ್ತರ. ಹತ್ತು ಸಾಲು ಬರೆಯುವುದು ಸುಲಭ. ಆ ಹತ್ತು ಸಾಲು ಹಾಕಬಹುದಾದ ಜಾಗವಾ ಅಂತ ಮೂರು ಸಾವಿರ ಸಾಲು ಓದಿ ಹೇಳುವುದು ಕಷ್ಟ.

ಪ್ಲೇನ್_ಟೆಕ್ಸ್ಟ್ · ಸಂಜೆ 4:05

ಫಂಕ್ಷನಲ್ ಭಾಷೆ ಅಂದಮೇಲೆ ಸೈಡ್ ಎಫೆಕ್ಟ್ ಇರಲ್ಲ, ಎಲ್ಲಿ ಬೇಕಾದರೂ ಹಾಕಬಹುದು ಅಂತ ನೀವೇ ಹೇಳುತ್ತೀರಲ್ಲ?

ಹಳೇ_ಓಟಿಪಿ · ಸಂಜೆ 4:11

ಹ್ಯಾಸ್ಕೆಲ್‌ನವರು ಹೇಳಬಹುದು, ಅವರಿಗೆ ಟೈಪ್ ನೋಡಿದರೇ ಗೊತ್ತಾಗುತ್ತದೆ. ಎರ್ಲಾಂಗ್‌ನಲ್ಲಿ ಯಾವ ಫಂಕ್ಷನ್ ಬೇಕಾದರೂ ಸದ್ದಿಲ್ಲದೆ ಮೆಸೇಜ್ ಕಳಿಸಬಹುದು, ಇಟಿಎಸ್ ಅನ್ನುವ, ಪ್ರೊಸೆಸ್‌ಗಳು ಹಂಚಿಕೊಳ್ಳುವ ಟೇಬಲ್‌ಗೆ ಬರೆಯಬಹುದು. ಹೊರಗಿಂದ ನೋಡಿದರೆ ಸಾಧು.

ಜಗಳೂರು_ಜಾಲ · ಸಂಜೆ 7:30

ಫಾರ್ಮ್ ಹಾಕಿದೆ! ಕೋರ್ 4 ಅಂತಲೇ ಗೊತ್ತಾಯಿತು. 31 ಹೋಗಿ 14 ನಿಮಿಷ. ಮೇಡಂ ಹೇಳಿದ 13ಕ್ಕೆ ಹತ್ತಿರ.

ಖುಷಿಯಲ್ಲಿ ಚಹಾ ಕುಡಿದು ಬಂದು ವರದಿ ತೆಗೆದು ನೋಡಿದರೆ ಎದೆ ಧಸಕ್ ಅಂತು. ಮೊದಲ ಸಾಲಿನಲ್ಲೇ 'ಕೆಟ್ಟ ರೀಡಿಂಗ್: 0' ಅಂತ ಇದೆ. ನಿನ್ನೆ ಅದೇ ಫೈಲ್‌ಗಳಿಗೆ 2,316 ಇತ್ತು. ಸೆನ್ಸರ್‌ಗಳೆಲ್ಲಾ ಒಂದೇ ದಿನದಲ್ಲಿ ಒಳ್ಳೆಯವಾಗಿಬಿಟ್ಟವಾ? ಬೋರ್‌ವೆಲ್ ಸಾಲೂ ಹಿಂದು ಮುಂದಾಗಿದೆ, ಅದು ಫಾರ್ಮ್‌ನ ಗುಣ ಅಂತ ಗೊತ್ತು. ಒಟ್ಟು ಮೊತ್ತ ಎಂಟನೇ ದಶಮಾಂಶದಲ್ಲಿ ಬೇರೆ ಬರುತ್ತಿದೆ. ಹಳೆಯ ವರದಿಗೆ ಹೋಲಿಸುವ ಟೆಸ್ಟ್ ಅಲ್ಲೇ ಬಿತ್ತು. ಎರಡು ಸಲ ಓಡಿಸಿದರೆ ಎರಡು ಸಲವೂ ಬೇರೆ ಬೇರೆ.

ಕೋಟೆ_ಕಿಂಡಿ · ಸಂಜೆ 7:48

ದಶಮಾಂಶದ ಕಥೆ ಸುಲಭ. ಫ್ಲೋಟ್ ಸಂಖ್ಯೆಗಳನ್ನು ಕೂಡುವಾಗ ಸಾಲು ಬದಲಾದರೆ ಕೊನೆಯ ಅಂಕಿ ಬದಲಾಗುತ್ತದೆ. ಶಾಲೆಯಲ್ಲಿ ಕಲಿತ ಹಾಗೆ ಯಾರನ್ನು ಯಾರ ಜೊತೆ ಮೊದಲು ಕೂಡಿದರೂ ಒಂದೇ ಅನ್ನುವುದು ಕಂಪ್ಯೂಟರ್ ಫ್ಲೋಟ್‌ಗೆ ನಡೆಯಲ್ಲ. ಪ್ರತಿ ಹೆಜ್ಜೆಗೂ ಒಂದಿಷ್ಟು ದುಂಡಗಾಗುತ್ತದೆ. ಫೋಲ್ಡ್ (ಲಿಸ್ಟನ್ನು ಒಂದೊಂದಾಗಿ ಕೂಡುತ್ತಾ ಹೋಗುವುದು) ಅನ್ನು ಪ್ಯಾರಲಲ್ ರೆಡ್ಯೂಸ್ ಮಾಡುವವರು ಮೊದಲು ಕೇಳಿಕೊಳ್ಳಬೇಕಾದ ಪ್ರಶ್ನೆ ಇದೇ. ಟೂಲ್‌ಗಳೂ ಇಲ್ಲಿ ನಿಮ್ಮನ್ನೇ ಕೇಳಬೇಕಾಗುತ್ತದೆ, ಯಾಕೆಂದರೆ ಕೂಡುವ ಕೆಲಸ ಗುಂಪು ಬದಲಿಸಿದರೂ ಸರಿಯಾ ಅಂತ ಕೋಡ್ ನೋಡಿ ಎಲ್ಲಾ ಸಲ ಹೇಳಲು ಆಗಲ್ಲ.

ಆರ್ಡ್ ಹಾಕಿ ಅಥವಾ ಬೋರ್‌ವೆಲ್ ನಂಬರ್ ಪ್ರಕಾರ ಸಾಲು ಹಚ್ಚಿ ಆಮೇಲೆ ಕೂಡಿ. ಎರಡೂ ತೊಂದರೆ ಒಟ್ಟಿಗೆ ಹೋಗುತ್ತವೆ.

ಸೊನ್ನೆ ಯಾಕೆ ಬಂತು ಅಂತ ನನಗೆ ಗೊತ್ತಾಗುತ್ತಿಲ್ಲ. ಕೆಟ್ಟ ರೀಡಿಂಗ್ ಎಲ್ಲಿ ಎಣಿಸುತ್ತೀರಿ?

ಜಗಳೂರು_ಜಾಲ · ಸಂಜೆ 7:55

ಕೆಟ್ಟದ್ದು ತೆಗೆಯುವ ಫಂಕ್ಷನ್ ಒಳಗೇ. ಪುಟ್ ಅಂತ ಹಾಕಿ ಒಂದು ಜಾಸ್ತಿ ಮಾಡುತ್ತೇನೆ. ವರದಿ ಬರೆಯುವಾಗ ಗೆಟ್ ಅಂತ ತೆಗೆದುಕೊಳ್ಳುತ್ತೇನೆ.

ಹಳೇ_ಓಟಿಪಿ · ರಾತ್ರಿ 8:02

ಸಿಕ್ಕಿತು. ಪುಟ್ ಬರೆಯುವುದು ಪ್ರೊಸೆಸ್ ಡಿಕ್ಷನರಿಗೆ. ಅದು ಪ್ರತಿ ಪ್ರೊಸೆಸ್‌ನ ಸ್ವಂತ ಜೇಬು. ಫಾರ್ಮ್‌ನ ಆಳುಗಳು ಎಣಿಸಿದ್ದಾರೆ, ತಪ್ಪಿಲ್ಲದೆ ಎಣಿಸಿದ್ದಾರೆ, ಆದರೆ ಎಣಿಕೆಯನ್ನು ತಮ್ಮ ತಮ್ಮ ಜೇಬಿನಲ್ಲಿ ಇಟ್ಟುಕೊಂಡು ಮನೆಗೆ ಹೋಗಿದ್ದಾರೆ. ವರದಿ ಬರೆಯುವ ಮುಖ್ಯ ಪ್ರೊಸೆಸ್ ತನ್ನ ಜೇಬು ತಡಕಿದರೆ ಏನೂ ಇಲ್ಲ. ಒಂದೇ ಪ್ರೊಸೆಸ್ ಇದ್ದಾಗ ಇದು ತೊಂದರೆ ಅಂತ ಕಾಣುತ್ತಲೇ ಇರಲಿಲ್ಲ.

ಸಂಜೆ ಹೇಳಿದ ಸಾಧು ಫಂಕ್ಷನ್ ಇದೇ ನೋಡಿ. ಸೈಡ್ ಎಫೆಕ್ಟ್ ಹುಡುಕುವ ಟೂಲ್‌ಗೆ ಕೊಟ್ಟಿದ್ದರೆ, ಫಾರ್ಮ್ ಹಾಕುವ ಮುಂಚೆಯೇ ಇಲ್ಲಿ ಕೆಂಪು ಬಾವುಟ ತೋರಿಸುತ್ತಿತ್ತು. ನೀವು ಫಾರ್ಮ್ ಕೈಯಲ್ಲಿ ಹಾಕಿದ್ದು ಅಲ್ವಾ?

ಜಗಳೂರು_ಜಾಲ · ರಾತ್ರಿ 8:04

ಹೌದು ಸರ್, ಕೈಯಲ್ಲೇ. ಸೋಮಾರಿತನ. ಹಳೆಯ ಕೋಡ್ ಬ್ರಾಂಚ್‌ನಲ್ಲಿ ಹಾಗೇ ಇದೆ. ಅಲ್ಲಿಂದ ಮತ್ತೆ ಟೂಲ್ ಇಟ್ಟುಕೊಂಡು ಮಾಡುತ್ತೇನೆ.

ಹಳೇ_ಓಟಿಪಿ · ರಾತ್ರಿ 8:20

ಹಾಗಿದ್ದರೆ ನನ್ನ ಕ್ರಮ ಹೇಳುತ್ತೇನೆ. ಮೊದಲು ಎಣಿಕೆಯನ್ನು ಜೇಬಿನಿಂದ ಹೊರಗೆ ತನ್ನಿ. ಫಂಕ್ಷನ್ ಈಗ ಬರೀ ಲಿಸ್ಟ್ ವಾಪಸ್ ಕೊಡುತ್ತದೆ. ಅದು ಲಿಸ್ಟ್ ಮತ್ತು ಎಣಿಕೆ ಎರಡನ್ನೂ ಒಂದು ಟಪಲ್‌ನಲ್ಲಿ ಕೊಡಲಿ. ಆ ಫಂಕ್ಷನ್ ಕರೆಯುವ ಎಲ್ಲಾ ಕಡೆ ತಿದ್ದಬೇಕಾಗುತ್ತದೆ. ಕರೆಯುವವರು ಯಾರ‍್ಯಾರು ಅಂತ ಹುಡುಕುವುದು ಟೂಲ್‌ನ ಕೆಲಸ, ಕಣ್ಣು ನೋಯಿಸಿಕೊಳ್ಳಬೇಡಿ.

ಆಮೇಲೆ ನಿಮ್ಮಲ್ಲಿ ಮೂರು ಮ್ಯಾಪ್ ಒಂದರ ಹಿಂದೆ ಒಂದು ಇವೆ: ತೆಗೆಯುವುದು, ತುಂಬುವುದು, ಸರಾಸರಿ. ಮೂರಕ್ಕೂ ಬೇರೆ ಬೇರೆ ಫಾರ್ಮ್ ಹಾಕಿದರೆ ಪ್ರತಿ ಗಡಿಯಲ್ಲೂ 35 ಸಾವಿರ ಸಾಲು ಒಂದು ಪ್ರೊಸೆಸ್‌ನಿಂದ ಇನ್ನೊಂದಕ್ಕೆ ನಕಲಾಗುತ್ತದೆ. ಮೂರನ್ನೂ ಹೊಲಿದು ಒಂದು ಫಂಕ್ಷನ್ ಮಾಡಿ, ಒಂದೇ ಮ್ಯಾಪ್ ಮಾಡಿ. ಸೈಡ್ ಎಫೆಕ್ಟ್ ಹೋಗಿರುವುದರಿಂದ ಈಗ ಇದು ಸುರಕ್ಷಿತ.

ಕೊನೆಯದು ಓದುವ ಕೆಲಸ. ಬೋರ್‌ವೆಲ್‌ಗೊಂದು ಫೈಲ್ ಅಂದಿರಿ. ಮುಖ್ಯ ಪ್ರೊಸೆಸ್ ಎಲ್ಲಾ ಓದಿ ಹಂಚುವ ಬದಲು, ಆಳಿಗೆ ಫೈಲ್ ಹೆಸರು ಮಾತ್ರ ಕೊಡಿ, ಅವನೇ ಓದಿಕೊಳ್ಳಲಿ. ಒಳಗೆ ಹೋಗುವುದು ಒಂದು ಹೆಸರು, ಹೊರಗೆ ಬರುವುದು ಒಂದು ಸರಾಸರಿ ಮತ್ತು ಎಣಿಕೆ. ದೊಡ್ಡ ಲಿಸ್ಟ್ ಗಡಿ ದಾಟುವುದೇ ಇಲ್ಲ. ಜೊತೆಗೆ ಆ 5 ನಿಮಿಷವೂ ನಾಲ್ಕು ಪಾಲಾಗುತ್ತದೆ.

ಇಷ್ಟಾದ ಮೇಲೆ ಫಾರ್ಮ್. ನೋಡಿ, ಪ್ಯಾರಲಲ್ ಅನ್ನುವ ಪದ ಇಲ್ಲಿಯವರೆಗೆ ಬಂದೇ ಇಲ್ಲ.

ಮಂಡಕ್ಕಿ_ಭಟ್ಟಿ · ರಾತ್ರಿ 8:45

ಅಂದರೆ ಅಂಗಳ ಬಾಡಿಗೆಗೆ ತಗೊಳ್ಳುವ ಮುಂಚೆ ನಮ್ಮ ಅಂಗಳದ ಕಸ ಗುಡಿಸು ಅಂತ.

ಸೆಮ್_ಸೆವೆನ್ · ರಾತ್ರಿ 9:10

ಸರ್, ಎಷ್ಟು ಆಳು ಇಡಬೇಕು ಅಂತ ಹೇಗೆ ಗೊತ್ತಾಗುತ್ತದೆ? 4 ಕೋರ್ ಅಂದರೆ 4 ಆಳಾ?

ಕೋಟೆ_ಕಿಂಡಿ · ರಾತ್ರಿ 9:40

ಅಲ್ಲಿಂದ ಶುರುಮಾಡಿ, ಅಷ್ಟೇ. ಫೈಲ್ ಓದುವಾಗ ಆಳು ಡಿಸ್ಕ್‌ಗೆ ಕಾಯುತ್ತಾನೆ, ಆಗ ಇನ್ನೊಂದೆರಡು ಆಳು ಇದ್ದರೆ ಕೋರ್ ಖಾಲಿ ಇರಲ್ಲ. ಪ್ಯಾರಾಫ್ರೇಸ್‌ನವರು ಇದಕ್ಕೂ ಒಂದು ದಾರಿ ನೋಡಿದ್ದರು: ಪ್ರತಿ ಹಂತಕ್ಕೆ ಎಷ್ಟು ಹೊತ್ತು ಅಂತ ಅಳೆದು, ಯಾವ ಅಚ್ಚಿಗೆ ಎಷ್ಟು ಲಾಭ ಬರಬಹುದು ಅಂತ ಮೊದಲೇ ಲೆಕ್ಕ ಹಾಕಿ, ಆಮೇಲೆ ರಿಫ್ಯಾಕ್ಟರ್ ಮಾಡುವುದು. ಎರ್ಲಾಂಗ್‌ಗೆ ಪರ್ಸೆಪ್ಟ್ 2 ಅಂತ ಪ್ರೊಫೈಲರ್ ಇದೆ, ಯಾವ ಪ್ರೊಸೆಸ್ ಯಾವಾಗ ಓಡಿತು, ಯಾವಾಗ ಕಾಯಿತು ಅಂತ ಚಿತ್ರ ತೋರಿಸುತ್ತದೆ.

ಹ್ಯಾಸ್ಕೆಲ್‌ಗೂ ಕೆಂಟ್‌ನವರದೇ ಹೇರ್ ಅನ್ನುವ ರಿಫ್ಯಾಕ್ಟರರ್ ಇದೆ. ಆದರೆ ನಿಜ ಹೇಳಬೇಕು ಅಂದರೆ ಪ್ಯಾರಲಲ್ ಮಾಡಲು ನಾನು ಹ್ಯಾಸ್ಕೆಲ್‌ನಲ್ಲಿ ಟೂಲ್ ಕಡೆ ಜಾಸ್ತಿ ಹೋಗಲ್ಲ. 1998ರಲ್ಲಿ ಬಂದ ಸ್ಟ್ರಾಟಜಿ ಅನ್ನುವ ಉಪಾಯವೇ ನನಗೆ ಸಾಕು. ಏನು ಲೆಕ್ಕ ಮಾಡಬೇಕು ಅನ್ನುವುದು ಒಂದು ಕಡೆ, ಅದನ್ನು ಹೇಗೆ ಹಂಚಬೇಕು ಅನ್ನುವುದು ಇನ್ನೊಂದು ಕಡೆ. ಕೋಡ್‌ನ ಕೊನೆಗೆ ಯೂಸಿಂಗ್ ಅಂತ ಹಾಕಿ ತಂತ್ರ ಅಂಟಿಸಿದರೆ ಆಯಿತು. ಬೇಡ ಅಂದರೆ ಕಿತ್ತರೆ ಹಳೆಯ ಪ್ರೋಗ್ರಾಂ ಹಾಗೇ ಇರುತ್ತದೆ. ಆ ಥರ ಬಿಡಿಸಿ ಇಡಲು ಬರದ ಭಾಷೆಗಳಿಗೆ ಟೂಲ್ ಜಾಸ್ತಿ ಬೇಕಾಗುತ್ತದೆ ಅಂತ ನನ್ನ ಅಭಿಪ್ರಾಯ. ಹಳೇ_ಓಟಿಪಿ ಸರ್ ಒಪ್ಪಲಿಕ್ಕಿಲ್ಲ.

ಹಳೇ_ಓಟಿಪಿ · ರಾತ್ರಿ 9:52

ಅರ್ಧ ಒಪ್ಪುತ್ತೇನೆ. ನಿಮ್ಮ 12 ಸ್ಪಾರ್ಕ್ ಕಥೆಯನ್ನು ಯೂಸಿಂಗ್ ತಡೆಯಲಿಲ್ಲವಲ್ಲ.

ಕೋಟೆ_ಕಿಂಡಿ · ರಾತ್ರಿ 9:54

ಅದು ಸರಿ :)

ಚಳ್ಳಕೆರೆ_ಶೇಂಗಾ · ರಾತ್ರಿ 10:20

ಒಂದು ಮಾತು ಸೇರಿಸುತ್ತೇನೆ. ಸಂಶೋಧನೆಗೆ ಅಂತ ಹುಟ್ಟಿದ ಟೂಲ್‌ಗಳಲ್ಲಿ ಕೆಲವು ಯೋಜನೆ ಮುಗಿದ ಮೇಲೆ ಹೊಸ ಆವೃತ್ತಿ ಕಾಣಲ್ಲ. ಒಂದನ್ನು ಬಿಲ್ಡ್ ಮಾಡಲು ಹೋಗಿ ನನ್ನ ಹೊಸ ಓಟಿಪಿ (ಎರ್ಲಾಂಗ್ ಜೊತೆ ಬರುವ ಲೈಬ್ರರಿಗಳ ಕಟ್ಟು) ಮೇಲೆ ಆಗಲಿಲ್ಲ. ಹಳೆಯ ಓಟಿಪಿಯನ್ನು ಬೇರೆ ಡೈರೆಕ್ಟರಿಯಲ್ಲಿ ಇಟ್ಟುಕೊಂಡು ಮಾಡಿದೆ. ಶುರುಮಾಡುವ ಮುಂಚೆ ಕೊನೆಯ ಕಮಿಟ್ (ಕೋಡ್‌ಗೆ ದಾಖಲಿಸಿದ ಬದಲಾವಣೆ) ಯಾವಾಗ ಆಗಿದೆ ಅಂತ ನೋಡಿಕೊಳ್ಳಿ.

ಜಗಳೂರು_ಜಾಲ · ಬುಧವಾರ ರಾತ್ರಿ 11:05

ಮೂರು ದಿನ ಬರಲಾಗಲಿಲ್ಲ, ಜಗಳೂರಿಗೆ ಹೋಗಿದ್ದೆ, ಒಂದು ಕಡೆ ಕೇಬಲ್ ಇಲಿ ಕಡಿದಿತ್ತು.

ಹಳೇ_ಓಟಿಪಿ ಸರ್ ಹೇಳಿದ ಕ್ರಮದಲ್ಲೇ ಮಾಡಿದೆ. ಎಣಿಕೆ ಜೇಬಿನಿಂದ ಹೊರಗೆ ಬಂತು. ಕರೆಯುವ ಜಾಗ ನಾಲ್ಕು ಅಂದುಕೊಂಡಿದ್ದೆ, ಟೂಲ್ ಏಳು ತೋರಿಸಿತು. ಅದರಲ್ಲಿ ಒಂದು, ನಾನೇ ಎರಡು ವರ್ಷದ ಹಿಂದೆ ಬರೆದು ಮರೆತಿದ್ದ ತಿಂಗಳ ವರದಿ. ಕೈಯಲ್ಲಿ ಮಾಡಿದ್ದರೆ ಅದು ಒಂದನೇ ತಾರೀಖು ಬೆಳಿಗ್ಗೆ ಬೀಳುತ್ತಿತ್ತು. ಮೂರು ಮ್ಯಾಪ್ ಒಂದಾಯಿತು. ಫೈಲ್ ಓದುವುದು ಆಳಿನ ಒಳಗೆ ಹೋಯಿತು. ಪ್ರತಿ ಹೆಜ್ಜೆಗೂ ಒಂದು ಕಮಿಟ್, ಪ್ರತಿ ಕಮಿಟ್‌ಗೂ ಹಳೆಯ ವರದಿ ಜೊತೆ ಹೋಲಿಕೆ. ಫಾರ್ಮ್ ಕಮಿಟ್ ಎಲ್ಲಕ್ಕಿಂತ ಚಿಕ್ಕದು, ಎರಡು ಸಾಲು. ಅದರ ಮೇಲೆ ಆರ್ಡ್.

10 ನಿಮಿಷ. ಕೆಟ್ಟ ರೀಡಿಂಗ್ 2,316. ಮೊತ್ತ ಕೊನೆಯ ಅಂಕಿಯವರೆಗೂ ಹಳೆಯದೇ. ಆಳು 4 ಇಟ್ಟಾಗ 11 ಆಗುತ್ತಿತ್ತು, 6 ಇಟ್ಟರೆ 10, 8 ಇಟ್ಟರೂ 10.

ಪ್ಲೇನ್_ಟೆಕ್ಸ್ಟ್ · ರಾತ್ರಿ 11:12

ಆ ಏಳನೇ ಜಾಗದ ವಿಷಯದಲ್ಲಿ ನಾನು ಬಾಯಿ ಮುಚ್ಚುತ್ತೇನೆ. ಫಾರ್ಮ್ ಮಾತ್ರ ಕೈಯಲ್ಲೇ ಹಾಕಬಹುದಿತ್ತು.

ಹಳೇ_ಓಟಿಪಿ · ರಾತ್ರಿ 11:15

ಎರಡು ಸಾಲು ತಾನೇ, ಹಾಕಿ.

ಸೆಮ್_ಸೆವೆನ್ · ರಾತ್ರಿ 11:21

ಸರ್, ಆ ವರದಿ ಬರೆಯುವ 2 ನಿಮಿಷವನ್ನೂ ಪ್ಯಾರಲಲ್ ಮಾಡುವುದನ್ನು ನನ್ನ ಪ್ರಾಜೆಕ್ಟ್‌ಗೆ ತಗೊಳ್ಳಲಾ?

ಜಗಳೂರು_ಜಾಲ · ರಾತ್ರಿ 11:30

ತಗೋ ತಮ್ಮಾ, ಮೊದಲು ಅದರೊಳಗೆ ಎಷ್ಟು ಪ್ಲಸ್ ಪ್ಲಸ್ ಇದೆ ಅಂತ ಎಣಿಸು. ನನಗೆ ನಾಚಿಕೆ ಆಗುತ್ತದೆ.

ಭಾನುವಾರ ಬೆಳಿಗ್ಗೆ ಯಾರ‍್ಯಾರು ದಾವಣಗೆರೆಯಲ್ಲಿ ಇರುತ್ತೀರೋ ಬನ್ನಿ, ಬೆಣ್ಣೆ ದೋಸೆ ನನ್ನ ಲೆಕ್ಕ. ಹಂಚು ನೋಡಿ ಪೈಪ್, ಫಾರ್ಮ್ ಅಂತ ಮಾತು ತೆಗೆದವರು ಮಾತ್ರ ಎಲ್ಲರ ಬಿಲ್ ಕೊಡಬೇಕು.